ಇಡೀ ಪ್ಯಾನೆಲ್ಲಿನ ಮಾವ

ನಮ್ಮ ಸೋದರಮಾವನನ್ನು ಯಾವುದಾದರೂ ಮ್ಯೂಸಿಯಮ್ಮಿನಲ್ಲಿ ಇಡಬೇಕು ಎಂದು ನಾನು ಎಷ್ಟೋ ವರ್ಷಗಳ ಹಿಂದೆಯೇ ಹೇಳಿದ್ದೆ. ತೊಂದರೆ ಏನೆಂದರೆ, ಅವರೊಬ್ಬರನ್ನೇ ಇಡುವಂತಿಲ್ಲ. ಇಟ್ಟರೆ ಅತ್ತೆಯನ್ನೂ ಇಡಬೇಕು, ಮೂವರು ಮಕ್ಕಳನ್ನೂ ಇಡಬೇಕು, ಅವರ ಸೈಕಲ್ಲು, ಟಿಫನ್ ಕ್ಯಾರಿಯರ್ರು, ಕಿವಿ ಮುರಿದ ಟ್ರಾನ್ಸಿಸ್ಟರು ಎಲ್ಲವನ್ನೂ ಇಡಬೇಕು. ಬಿಡಿಬಿಡಿಯಾಗಿ ಮಾವ ಎಲ್ಲಿಗೂ ಹೋಗುವವರಲ್ಲ, ಏನನ್ನೂ ಕೊಳ್ಳುವವರಲ್ಲ, ಯಾರಿಗೂ ವೋಟು ಹಾಕುವವರಲ್ಲ. ಕೊಟ್ಟರೆ ಎಲ್ಲ ಕೊಟ್ಟಾರು, ಇಲ್ಲವಾದರೆ ಒಂದು ಸಾಸಿವೆ ಕಾಳೂ ಇಲ್ಲ!

ಇದನ್ನೆಲ್ಲ ಹೇಳಿ ಹೇಳಿ ನನಗೂ ಸುಸ್ತಾಗಿದೆ. ಚುನಾವಣೆ ಎಂಬ ಮಾತು ಕಿವಿಗೆ ಬಿದ್ದರೆ ಉಳಿದವರಿಗೆ ದೇಶದ ಭವಿಷ್ಯ ನೆನಪಾಗುತ್ತದಂತೆ. ನನಗೆ ಮಾವ ನೆನಪಾಗಿ ಒಂದು ಆಕಳಿಕೆ ಬರುತ್ತದೆ. ಆಕಳಿಕೆಯ ಕೊನೆಯಲ್ಲಿ ಕಣ್ಣಂಚಿಗೆ ಸ್ವಲ್ಪ ನೀರೂ ಬರುತ್ತದೆ. ಆಕಳಿಸಿದರೆ ಯಾರಿಗಾದರೂ ಬರುತ್ತದೆ, ಅದರಲ್ಲಿ ವಿಶೇಷವೇನೂ ಇಲ್ಲ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ.

ಮಾವ ಹರಿಹರದ ಕಡೆಯವರು. ಹೊಟ್ಟೆಪಾಡಿಗೆ ವಿಜಯವಾಡಕ್ಕೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದರು, ಅಲ್ಲಿಯೇ ತೆಲುಗಿನ ಹುಡುಗಿಯನ್ನು ಮದುವೆಯಾದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ತೀರಿಕೊಂಡರು. ಹದಿಮೂರನೇ ದಿನ ನೆಂಟರೆಲ್ಲ ಜಗಲಿಯ ಮೇಲೆ ಕೂತು ನಮ್ಮನ್ನು ಹಂಚಿಕೊಳ್ಳುವ ಮಾತು ತೆಗೆದರು. ಅವ್ವ ದೊಡ್ಡಪ್ಪನ ಮನೆಗೆ, ಅಕ್ಕ ಚಿಕ್ಕಪ್ಪನ ಮನೆಗೆ, ತಂಗಿ ಅತ್ತೆಮ್ಮನ ಮನೆಗೆ, ನಾನು ಯಾವುದಾದರೂ ಹಾಸ್ಟೆಲಿಗೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಾವ ಮಾತ್ರ ಎದ್ದು ನಿಂತು, "ಚಿಲ್ರೆ ಮಾಡಬ್ಯಾಡ್ರಿ. ಕೊಟ್ರ ನಾಕೂ ಮಂದೀನ ಕೊಡ್ರಿ, ಇಲ್ಲಾಂದ್ರ ಬ್ಯಾಡ" ಎಂದರು. ಕೊಟ್ಟರು. ಯಾರು ತಾನೇ ಬೇಡವೆಂದಾರು!

ಮಾವನಿಗೆ ಆಗ ಮದುವೆಯಾಗಿ ಆರು ತಿಂಗಳು. ಹೊಸ ಹೆಂಡತಿ ಬಾಗಿಲು ತೆಗೆದರೆ ಎದುರಿಗೆ ಗಂಡ, ಗಂಡನ ಬೆನ್ನಿಗೆ ನಾಲ್ಕು ಜನ, ನಾಲ್ಕು ಟ್ರಂಕು. ಅತ್ತೆ ಇಂದಿಗೂ ಹೇಳುತ್ತಾರೆ: "ಎಣಿಸ್ತಾ ಹೋದೆ ನಾನ್ನಾ, ಮುಗೀಲೇ ಇಲ್ಲ!" ನಾನ್ನಾ ಎಂದರೆ ತೆಲುಗಿನಲ್ಲಿ ಅಪ್ಪ; ನಾವು ಮಕ್ಕಳನ್ನು ಅಪ್ಪಾ ಎನ್ನುವ ಹಾಗೆ ಅವರು ಮುದ್ದಿಗೆ ನಾನ್ನಾ ಎನ್ನುತ್ತಾರೆ. ಅಂದಿನಿಂದ ನನಗೆ ಅದೇ ಹೆಸರು.

ಹೀಗೆ ನಾವು ಇಡೀ ಪ್ಯಾನೆಲ್ಲಾಗಿ ಮಾವನ ಮನೆಗೆ ಆರಿಸಿ ಬಂದೆವು.

ಆ ಮನೆಯಲ್ಲಿ ಎಲ್ಲವೂ ಸಗಟು. ದಿನಸಿಗೆ ಒಂದೇ ಅಂಗಡಿ. ಆ ಅಂಗಡಿಯಲ್ಲಿ ಉಪ್ಪು ಮುಗಿದಿದ್ದರೆ ನಮ್ಮ ಮನೆಯಲ್ಲಿ ಅಂದು ಸಪ್ಪೆ ಸಾರು. "ಪಕ್ಕದ ಅಂಗಡಿಯಲ್ಲಿ ಇದೆಯಲ್ಲ ಮಾವ" ಎಂದರೆ, "ಬ್ಯಾಳಿ ಇವನ ಹತ್ರ, ಉಪ್ಪು ಅವನ ಹತ್ರ? ಮನ್ಷಾ ಆದವನಿಗೆ ಒಂದು ನಿಯತ್ತು ಇರಬೇಕಲೇ!" ದೀಪಾವಳಿಗೆ ಬಟ್ಟೆಯೆಂದರೆ ಒಂದು ಇಡೀ ತಾನು. ಅದರಲ್ಲಿಯೇ ಮಾವನ ಅಂಗಿ, ನನ್ನ ಅಂಗಿ, ತಂಗಿಯ ಲಂಗ, ಅತ್ತೆಯ ಮತ್ತು ಅವ್ವನ ರವಿಕೆ, ಉಳಿದದ್ದರಲ್ಲಿ ದಿಂಬಿನ ಚೀಲ, ಕಿಟಕಿಯ ಪರದೆ. ಒಂದು ವರ್ಷ ಕಂದುಬಣ್ಣದ ಚೌಕುಳಿ ಬಟ್ಟೆ ಸಿಕ್ಕಿತ್ತು. ಅದನ್ನು ತೊಟ್ಟು ನಾವೆಲ್ಲ ಬೆಂಜ್ ಸರ್ಕಲ್ಲಿನಲ್ಲಿ ರಸ್ತೆ ದಾಟುವಾಗ ಟ್ರಾಫಿಕ್ ಪೊಲೀಸಿನವನು ಎರಡೂ ಕಡೆಯ ವಾಹನ ನಿಲ್ಲಿಸಿ, ನಿಮ್ಮದು ಯಾವ ಬ್ಯಾಂಡ್ ಸೆಟ್ಟು, ಮದುವೆ ಎಲ್ಲಿ ಎಂದು ಕೇಳಿದ. ಮಾವನಿಗೆ ಅವಮಾನವಾಗಲಿಲ್ಲ. "ನೋಡಿದ್ಯಾ, ಒಗ್ಗಟ್ಟಿದ್ರ ಲಾರಿನೂ ನಿಲ್ತಾವು" ಎಂದರು.

ಇನ್ನೊಂದು ಅಭ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಫಿಟ್ಟರುಗಳು ಕಬ್ಬಿಣದಲ್ಲಿ ತೂತು ಕೊರೆಯುವ ಮೊದಲು ಎರಡು ಅಡ್ಡ ಗೆರೆ ಎಳೆದು, ಗೆರೆ ಕೂಡುವಲ್ಲಿ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಚುಕ್ಕಿ ಹೊಡೆಯುತ್ತಾರೆ. ಮಾವನಿಗೆ ಈ ಚಟ ಕಬ್ಬಿಣವನ್ನು ದಾಟಿ ಸಂಸಾರಕ್ಕೂ ಹಬ್ಬಿತ್ತು. ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನಕ್ಕೆ ಒಂದು ಕತ್ತರಿ ಗುರುತು, ನಡುವೆ ಪೆನ್ನನ್ನು ಒತ್ತಿ ಒಂದು ಚುಕ್ಕಿ. ದಿನಸಿ ಚೀಟಿಯಲ್ಲಿ ಬಂದ ಸಾಮಾನಿಗೆ ಕತ್ತರಿ, ಚುಕ್ಕಿ. ನನ್ನ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಮುಗಿದ ಪೇಪರಿಗೆಲ್ಲ ಕತ್ತರಿ, ಚುಕ್ಕಿ. ಒತ್ತುವ ರಭಸಕ್ಕೆ ಜನವರಿಯ ಚುಕ್ಕಿ ಮಾರ್ಚಿನ ಹಾಳೆಯವರೆಗೂ ಇಳಿಯುತ್ತಿತ್ತು!

ಇನ್ನು ವೋಟಿನ ವಿಷಯ. ಮಾವನ ಪಕ್ಷ ಯಾವುದೆಂದು ನಾನು ಹೇಳುವುದಿಲ್ಲ, ಮತದಾನ ಗುಪ್ತವಾದದ್ದು. ನಮ್ಮ ಬೀದಿಯ ನಾಯಿಗಳಿಗೂ ಅದು ಗೊತ್ತಿತ್ತು, ಆ ಮಾತು ಬೇರೆ. ಬೂತಿನಿಂದ ಹೊರಗೆ ಬರುತ್ತಲೇ ಮಾವ ಇಂಕು ಹಚ್ಚಿದ ಬೆರಳನ್ನು ಬಾವುಟದಂತೆ ಎತ್ತಿ, ಯಾರಿಗೆ ಹಾಕಿದೆ ಎಂದು ಕೇಳದವರಿಗೂ ಹೇಳಿಕೊಂಡು ಬರುತ್ತಿದ್ದರು.

ನಾನು ಮೊದಲ ಸಲ ವೋಟು ಹಾಕಿದ ವರ್ಷ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ. ಒಂದಕ್ಕೆ ಬಿಳಿ ಕಾಗದ, ಇನ್ನೊಂದಕ್ಕೆ ಗುಲಾಬಿ ಕಾಗದ. ಸಾಲಿನಲ್ಲಿ ಮಾವನ ಹಿಂದೆಯೇ ನಾನಿದ್ದೆ. ಮಾವ ಎರಡೂ ಕಾಗದ ಹಿಡಿದು ರಟ್ಟಿನ ಮರೆಗೆ ಹೋದರು. ಹೋದವರು ಬರಲೇ ಇಲ್ಲ. ಠಸ್ಸೆಯ ಸದ್ದು ಒಂದು ಸಲ ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ. ಐದು ನಿಮಿಷವಾಯಿತು. ಸಾಲು ಗೊಣಗತೊಡಗಿತು. ಮೇಜಿನ ಹಿಂದಿದ್ದ ಅಧಿಕಾರಿ, "ಏಮಂಡೀ, ಅಯಿಪೋಯಿಂದಾ?" ಎಂದು ಕೂಗಿದರು. ಮುಗಿಯಿತೇ ಎಂದು ಮರ್ಯಾದೆಯಿಂದಲೇ ಕೇಳಿದ್ದು. ಮರೆಯ ಮೇಲಿಂದ ಮಾವನ ತಲೆ ಕಂಡಿತು. ತಮ್ಮ ಹರಿಹರದ ತೆಲುಗಿನಲ್ಲಿ, "ಸಾರ್, ಈ ಬಿಳಿ ಕಾಗದದಾಗ ನಮ್ಮ ಗುರುತು ಅಚ್ಚು ಹಾಕೋದ ಮರ್ತಾರ. ಬ್ಯಾರೆ ಕೊಡ್ರಿ!" ಎಂದರು.

ಯಾರೂ ಮರೆತಿರಲಿಲ್ಲ. ಮಾವನ ಪಕ್ಷ ಆ ಸಲ ಹೊಂದಾಣಿಕೆ ಮಾಡಿಕೊಂಡು ಲೋಕಸಭೆಯ ಸೀಟನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟಿತ್ತು. ಅಧಿಕಾರಿ ತಿಳಿಸಿ ಹೇಳಿದರು. ಅವರ ಗುರುತಿಗೆ ಹಾಕಿದರೂ ನಿಮ್ಮವರಿಗೆ ಹಾಕಿದ ಹಾಗೆಯೇ ಎಂದು ಹಿಂದಿನಿಂದ ಯಾರೋ ಉಪದೇಶ ಮಾಡಿದರು. "ಅದು ಹೆಂಗಾಗ್ತೈತಿ? ಅಣ್ಣನ ಹೆಸರಿನ ಪತ್ರಾನ ಪಕ್ಕದ ಮನೆಯವನಿಗೆ ಕೊಟ್ರ ಅಣ್ಣಗ ಮುಟ್ತೈತೇನು?" ಎಂದು ಮಾವ ಬಿಳಿ ಕಾಗದವನ್ನು ಹಾಗೆಯೇ ಮಡಚಿ, ಖಾಲಿಯಾಗಿ ಡಬ್ಬಿಗೆ ಹಾಕಿ ಬಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಸುಮ್ಮನಿರದೆ ಅತ್ತೆಯನ್ನು ಕೇಳಿದಳು, "ನೀನು ಯಾರಿಗೆ ಒತ್ತಿದ್ಯವ್ವ?"

ಅತ್ತೆ ಮಜ್ಜಿಗೆ ಬಡಿಸುತ್ತ, "ಬಿಳೀದಕ್ಕೆ ಒಬ್ಬರು, ಗುಲಾಬೀದಕ್ಕೆ ಒಬ್ಬರು. ಎರಡು ಸೀರೆ ತಗೊಂಡ್ರೆ ಎರಡೂ ಒಂದೇ ಬಣ್ಣ ತಗೋತಾರಾ ಯಾರಾದ್ರೂ?" ಎಂದರು.

ಮಾವನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. "ಯಾವಾಗಿನಿಂದ ಹಿಂಗ?" ಎಂದು ಕೇಳಿದರು.

"ಮೊದಲಿನಿಂದಲೂ ಅಷ್ಟೇನಂಡೀ."

ಇಷ್ಟು ವರ್ಷ ಒಂದೇ ತಾನಿನ ಬಟ್ಟೆ ಉಟ್ಟುಕೊಂಡು ಓಡಾಡಿದ ಹೆಂಡತಿ! ಮಾವ ಅಂದು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಕಾರ್ಪೊರೇಷನ್ ಚುನಾವಣೆಯದು ಇನ್ನೂ ದೊಡ್ಡ ಸಂಕಟ. ನಮ್ಮ ದಿನಸಿ ಅಂಗಡಿಯವನೇ ವಾರ್ಡಿಗೆ ನಿಂತುಬಿಟ್ಟ, ಅದೂ ಪಕ್ಷೇತರನಾಗಿ, ಮಾವನ ಪಕ್ಷದ ಎದುರಿಗೆ. ಒಂದು ಕಡೆ ನಿಯತ್ತು, ಇನ್ನೊಂದು ಕಡೆಯೂ ನಿಯತ್ತು. ಮಾವ ಪಕ್ಷಕ್ಕೇ ಒತ್ತಿದರು. ಒತ್ತಿದ ಮೇಲೆ ಅಂಗಡಿಯವನಿಗೆ ಮುಖ ತೋರಿಸಲು ನಾಚಿಕೆ. ಬೇರೆ ಅಂಗಡಿಗೆ ಹೋಗಲು ಧರ್ಮ ಬಿಡದು. ಎಂಟು ದಿನ ನಮ್ಮ ಮನೆಯಲ್ಲಿ ಬೇಳೆಯಿಲ್ಲ, ಎಣ್ಣೆಯಿಲ್ಲ. ಹುಣಸೆಹಣ್ಣಿನ ಗೊಜ್ಜು ತಿಂದು ತಿಂದು ನಮ್ಮೆಲ್ಲರ ಹಲ್ಲು ಚುಳ್ಳೆನ್ನುತ್ತಿದ್ದವು. ಒಂಬತ್ತನೇ ದಿನ ಅಂಗಡಿಯವನೇ ಬೇಳೆಯ ಚೀಲ ಹೊತ್ತು ಬಂದ. "ವೋಟು ಹಾಕದಿದ್ರೆ ಹೋಗಲಿ ಸ್ವಾಮಿ, ಮಕ್ಕಳಿಗೆ ಪಪ್ಪನ್ನ, ಬೇಳೆ ಅನ್ನ ಮಾಡಿ ಹಾಕಿ" ಎಂದ. ಅಷ್ಟು ಮಾಡಿ ಗೆದ್ದವರು ಯಾರು? ಮಾವನ ಪಕ್ಷವೂ ಅಲ್ಲ, ಅಂಗಡಿಯವನೂ ಅಲ್ಲ, ಮೂರನೆಯವನು!

ನಾನು ಬಿ.ಕಾಂ. ಮಾಡಿದ್ದೂ ಈ ಮನೆಯಲ್ಲಿಯೇ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಅದುವರೆಗೆ ಕಂಡಿದ್ದದ್ದು ಜ್ವರ ಬಂದಾಗ ಥರ್ಮಾಮೀಟರಿನಲ್ಲಿ ಮಾತ್ರ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡು ಕೋಣೆಯ ಮನೆ, ಒಂಬತ್ತು ಜನ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದಿದ ಡಿಗ್ರಿ ಅದು. ಎರಡನೇ ವರ್ಷ ಸ್ಟ್ಯಾಟಿಸ್ಟಿಕ್ಸಿನಲ್ಲಿ ಫೇಲಾದೆ. ಉಳಿದ ಆರರಲ್ಲಿ ಪಾಸು. ಮಾವ ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, "ಆರು ಒಂದ ಕಡೆ, ಒಂದು ಇನ್ನೊಂದು ಕಡೆ. ಏನಲೇ ಇದು, ಅಡ್ಡ ವೋಟು ಹಾಕಿದಂಗ!" ಎಂದರು. ಬೈದದ್ದು ಅಷ್ಟೇ. ಮಾರನೆಯ ದಿನದಿಂದ ಓವರ್‌ಟೈಮ್ ಬಿಟ್ಟು ಬೇಗ ಬಂದು, ನಾನು ಓದುವ ಎರಡು ಗಂಟೆ ಹೊತ್ತು ಮನೆಯವರನ್ನೆಲ್ಲ ಹೊರಡಿಸಿಕೊಂಡು ಕೃಷ್ಣಾ ನದಿಯ ದಂಡೆಗೆ ಹೋಗಿ ಕೂರುತ್ತಿದ್ದರು. ಎಲ್ಲರನ್ನೂ, ಒಬ್ಬರನ್ನೂ ಬಿಡದೆ. ಸೆಪ್ಟೆಂಬರಿನಲ್ಲಿ ಪಾಸಾದೆ. ವೇಳಾಪಟ್ಟಿಯ ಮೇಲೆ ಕತ್ತರಿ ಹಾಕಿ ಮಾವ ಎಂಥ ಚುಕ್ಕಿ ಒತ್ತಿದರೆಂದರೆ ಪೆನ್ನಿನ ಮೂತಿಯೇ ಮುರಿಯಿತು.

ಆಮೇಲೆ ಮಾವನಿಗೆ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ವರ್ಷದ ಮೇಲೆ ಅಲ್ಲಿಯೇ ಸ್ಟೋರ್ಸಿನಲ್ಲಿ ನಾನು ಗುಮಾಸ್ತನಾದೆ. ಟೌನ್‌ಶಿಪ್ಪಿನಲ್ಲಿ ಅವರ ಕ್ವಾರ್ಟರ್ಸಿಗೂ ನನ್ನದಕ್ಕೂ ಎರಡು ಬೀದಿ ದೂರ. ಕಾರ್ಖಾನೆಯ ಯೂನಿಯನ್ ಚುನಾವಣೆ ಮಾವನಿಗೆ ಸ್ವರ್ಗವಾಗಿ ಕಂಡಿತು. ಅಲ್ಲಿ ಹೆಸರುಗಳ ರಗಳೆಯೇ ಇಲ್ಲ. ಯೂನಿಯನ್ನಿಗೆ ಒಂದು ಗುರುತು, ಒಂದೇ ವೋಟು, ಅದರೊಳಗೆ ಎಲ್ಲರೂ ಬಂದರು. "ಇದು ನೋಡಲೇ ರೂಲು ಅಂದ್ರ!" ಎಂದು ಮಾವ ಹಬ್ಬದವರಂತೆ ಓಡಾಡಿದರು.

ಆದರೆ ರೂಲು ಎಂಬುದು ಊರಿಗೊಂದು, ಸಂಘಕ್ಕೊಂದು. ಈ ಮಾತು ನನಗೆ ಎಷ್ಟು ದುಬಾರಿಯಾಯಿತೆಂದು ಕೇಳಿ.

ವಿಜಯವಾಡದ ನಮ್ಮ ಕನ್ನಡಿಗರ ಸಂಘದಲ್ಲಿ ಮತಪತ್ರಕ್ಕೆ ಎರಡು ಸಾಲು. ಒಂದೊಂದು ಗುಂಪಿನ ಒಂಬತ್ತು ಹೆಸರು ಒಂದೊಂದು ಸಾಲಿನಲ್ಲಿ. ಪ್ರತಿ ಸಾಲಿನ ನೆತ್ತಿಯ ಮೇಲೆ "ಇಡೀ ಪ್ಯಾನೆಲ್" ಎಂದು ಒಂದು ಚೌಕ. ಅಲ್ಲಿ ಗುರುತು ಹಾಕಿದರೆ ಒಂಬತ್ತು ಜನಕ್ಕೂ ಬಿದ್ದಂತೆ. ನೆತ್ತಿಯ ಮೇಲೆ ಗುರುತು ಹಾಕಿಯೂ ಎದುರು ಸಾಲಿನ ಒಬ್ಬರು ಬೇಕೆನಿಸಿದರೆ, ಅವರ ಹೆಸರಿನ ಮುಂದೆ ಇನ್ನೊಂದು ಗುರುತು. ಆ ಒಂದು ಸ್ಥಾನ ಅವರಿಗೆ, ಉಳಿದ ಎಂಟು ಪ್ಯಾನೆಲ್ಲಿಗೆ. ಪ್ರತಿ ವರ್ಷ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದುತ್ತಿದ್ದರು. ಮಾವ ಪ್ರತಿ ವರ್ಷವೂ ಕೇಳುತ್ತಿದ್ದರು, ಮೂಗು ಮುರಿಯುತ್ತಿದ್ದರು.

ವಿಶಾಖಪಟ್ಟಣದ ಟೌನ್‌ಶಿಪ್ಪಿನ ಸಂಘಕ್ಕೆ ನಿಯಮಾವಳಿಯೇ ಇರಲಿಲ್ಲ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸುತ್ತಲೂ ಎಂಜಿನಿಯರುಗಳು, ನಡುವೆ ನಾನೊಬ್ಬ ಬಿ.ಕಾಂ. ತೋರಿಸಿಕೊಳ್ಳದೆ ಬಿಟ್ಟೇನೆ? ಮೂರು ಭಾನುವಾರ ಕೂತು ಮೂವತ್ತೊಂದು ನಿಯಮ ಬರೆದೆ. ಮತಪತ್ರವನ್ನು ವಿಜಯವಾಡದಿಂದಲೇ ತಂದೆ. ಆದರೆ ನೆತ್ತಿಯ ಮೇಲೊಂದು, ಎದುರು ಸಾಲಿನಲ್ಲೊಂದು ಗುರುತಿದ್ದರೆ ಏನು? ವಿಜಯವಾಡದ ನಿಯಮ ನನಗೆ ಮೆದು ಎನಿಸಿತು. ಮಾವನ ಮನೆಯಲ್ಲಿ ಬೆಳೆದವನಲ್ಲವೇ! "ಅಂಥ ಮತಪತ್ರ ಪೂರ್ತಿಯಾಗಿ ಅಸಿಂಧು" ಎಂದು ಬರೆದೆ. ಎರಡು ದೋಣಿಯಲ್ಲಿ ಕಾಲಿಡುವವರಿಗೆ ಇಲ್ಲಿ ಜಾಗವಿಲ್ಲ ಎಂದು ಸಭೆಯಲ್ಲಿ ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬಿತ್ತು. ಮಾವನಿಗೆ ಅಂದು ಎರಡನೇ ಶಿಫ್ಟು, ಸಭೆಗೆ ಬಂದಿರಲಿಲ್ಲ. ಅಚ್ಚಾದ ನಿಯಮಾವಳಿಯನ್ನು ಕೈಗೆ ಕೊಟ್ಟರೆ, "ಇಡೀ ಪ್ಯಾನೆಲ್ಲಿಗೆ ಹಾಕವನಿಗೆ ರೂಲು ಯಾಕಲೇ?" ಎಂದು ಉಪ್ಪಿನಕಾಯಿ ಜಾಡಿಯ ಕೆಳಗೆ ಇಟ್ಟರು.

ಎರಡು ವರ್ಷ ಅವಿರೋಧ ಆಯ್ಕೆಯಾಗಿ ಆ ನಿಯಮಕ್ಕೆ ಕೆಲಸವೇ ಬೀಳಲಿಲ್ಲ. ಮೂರನೇ ವರ್ಷ ಜಗಳವಾಯಿತು. ಸಂಘಕ್ಕೆ ಇದ್ದದ್ದು ಒಂದೇ ಕೋಣೆ. ಭಾನುವಾರ ಬೆಳಿಗ್ಗೆ ಅಲ್ಲಿ ಹಿರಿಯರ ಇಸ್ಪೀಟು. ಆ ಹೊತ್ತಿಗೆ ಮಕ್ಕಳಿಗೆ ಕನ್ನಡ ಕ್ಲಾಸು ನಡೆಸಬೇಕೆಂದು ನಾನು ಕೇಳಿದೆ. ಕೇಳಲು ಕಾರಣ ಮಾವನ ಕಿರಿಯ ಮಗಳೇ. ಹರಿಹರದಿಂದ ಅವಳ ಅಜ್ಜಿಯ ಕಾಗದ ಬಂದರೆ ತಿರುಗಿಸಿ ತಿರುಗಿಸಿ ನೋಡಿ, "ಬಾವಾ, ಇದ್ರಲ್ಲಿ ಏಮಿ ಬರೆದಿದೆ?" ಎಂದು ನನ್ನ ಬಳಿ ತರುತ್ತಿದ್ದಳು. ಅಧ್ಯಕ್ಷರು ಕೋಣೆ ಬಿಡುವುದಿಲ್ಲವೆಂದರು. ಸಂಘದಲ್ಲಿ ಎರಡು ಗುಂಪಾಯಿತು. ಬಾವುಟದ ಹಳದಿಯನ್ನು ಅಧ್ಯಕ್ಷರ ಗುಂಪು ತೆಗೆದುಕೊಂಡಿತು, ಕೆಂಪು ನಮಗೆ ಉಳಿಯಿತು. ಕೆಂಪು ಪ್ಯಾನೆಲ್ಲಿನಿಂದ ನಾನು ಕಾರ್ಯದರ್ಶಿ ಸ್ಥಾನಕ್ಕೆ ನಿಂತೆ.

ಮಾವ ಹಳದಿ. ಅವರು ಆ ಊರಿಗೆ ಬಂದಿಳಿದ ದಿನ ಅಧ್ಯಕ್ಷರು ಸ್ಟೇಷನ್ನಿಗೆ ಬಂದು ಟ್ರಂಕು ಎತ್ತಿದ್ದರಂತೆ. ಅಷ್ಟು ಸಾಕಲ್ಲ!

ನಾಮಪತ್ರ ಕೊಟ್ಟ ದಿನದಿಂದ ಮಾವ ನನ್ನೊಂದಿಗೆ ಮಾತು ಬಿಟ್ಟರು. ಭಾನುವಾರದ ಊಟ ಮಾತ್ರ ನಿಲ್ಲಲಿಲ್ಲ, ಅದು ಇಡೀ ಕುಟುಂಬದ್ದು. ಒಂದೇ ಚಾಪೆಯ ಮೇಲೆ ಮೊಳ ದೂರದಲ್ಲಿ ಕೂತು ಅತ್ತೆಯ ಮೂಲಕ ಮಾತು.

"ಅವನಿಗೆ ಕೇಳು, ಇನ್ನೊಂದು ರೊಟ್ಟಿ ಬೇಕೇನಂತ."

"ನಾನ್ನಾ, ರೊಟ್ಟಿ ಬೇಕಾ?"

"ಬೇಡ ಅನ್ನಿ ಅತ್ತೆ."

"ಬೇಡ ಅಂತಾನಂಡೀ."

"ಸುಳ್ಳು ಹೇಳ್ತಾನ. ಹಾಕು."

ಅತ್ತೆಗೆ ರೋಸಿಹೋಗಿ, "ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ರೊಟ್ಟಿಯ ಬುಟ್ಟಿಯನ್ನು ಇಬ್ಬರ ನಡುವೆ ಕುಕ್ಕಿ ಒಳಗೆ ಹೋದರು.

ಪ್ರಚಾರದ್ದು ಇನ್ನೊಂದು ಫಜೀತಿ. ಮಾವ ಶಿಫ್ಟು ಮುಗಿಸಿ, ಮುಖ ತೊಳೆದು, ಮನೆಮನೆಗೆ ಹೋಗಿ ಹಳದಿಗೆ ವೋಟು ಕೇಳುತ್ತಿದ್ದರು. ಒಂದು ಮನೆಯಲ್ಲಿ ನಾನು ಕಾಫಿ ಕುಡಿಯುತ್ತಿದ್ದಾಗಲೇ ಬಂದರು. ಒಂದು ಗಳಿಗೆ ನಿಂತರು. ಆಮೇಲೆ ನನ್ನ ಕಡೆ ಕೈ ತೋರಿಸಿ ಮನೆಯವರಿಗೆ ಹೇಳಿದರು: "ಹುಡುಗ ಬಾಳ ಚಲೋನು. ಬಿ.ಕಾಂ. ಓದ್ಯಾನ. ಅಡುಗಿಮನಿ ಹೊಸ್ತಿಲ ಮ್ಯಾಲೆ ಕುಂತು ಓದ್ಯಾನ. ಕುಡಿಯಾಂಗಿಲ್ಲ, ಸೇದಾಂಗಿಲ್ಲ. ನಿಮ್ಮ ಮಗಳಿದ್ರ ಕೊಡ್ರಿ. ವೋಟು ಮಾತ್ರ ಕೊಡಬ್ಯಾಡ್ರಿ!"

ಮನೆಯವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಮಲಗಿದವನಿಗೆ ನಗು ಉಳಿಯಲಿಲ್ಲ. ನನಗೆ ಗೆಲ್ಲಬೇಕಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಆ ಒಂದು ವೋಟು ಬೇಕಾಗಿತ್ತು. ನಾಲ್ಕು ಟ್ರಂಕು ಒಳಗೆ ಬಿಟ್ಟುಕೊಂಡ ಮನುಷ್ಯ ಒಂದು ಚೌಕದೊಳಗೆ ನನ್ನನ್ನು ಬಿಟ್ಟುಕೊಳ್ಳಲಾರರೆ? ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವರು ಜನ್ಮದಲ್ಲಿ ಕಟ್ಟಿಕೊಂಡು ಬಂದದ್ದನ್ನೆಲ್ಲ ಬಿಚ್ಚು ಎಂದು ಹೇಳಿದ ಹಾಗೆ. ಅವ್ವ, "ಅವನು ಹಾಕಾಂಗಿಲ್ಲ ಬಿಡಪ್ಪ. ನನಗ ಗೊತ್ತಿಲ್ಲೇನು ನನ್ನ ತಮ್ಮ?" ಎಂದು ದೀಪ ಹಚ್ಚಲು ಎದ್ದಳು.

ಮತದಾನದ ದಿನ ಮಾವ ಆ ವರ್ಷದ ದೀಪಾವಳಿಯ ಅಂಗಿ ಹಾಕಿಕೊಂಡು ಬಂದರು. ಸಂಘದ ಕೋಣೆಯ ಮೂಲೆಯಲ್ಲಿ ಒಂದು ಸೀರೆ ಕಟ್ಟಿ ಮರೆ ಮಾಡಿದ್ದೆವು. ಒಳಗೆ ಹೋದರು. ಇಡೀ ಪ್ಯಾನೆಲ್ಲಿಗೆ ಒಂದು ಗುರುತು ಹಾಕಲು ಎಷ್ಟು ಹೊತ್ತು ಬೇಕು? ಮಾವ ತುಂಬಾ ಹೊತ್ತು ತೆಗೆದುಕೊಂಡರು. ಹೊರಗೆ ಬಂದವರು ಬೆರಳೆತ್ತಲಿಲ್ಲ. ಯಾರಿಗೆ ಹಾಕಿದೆ ಎಂದು ಯಾರಿಗೂ ಹೇಳಲಿಲ್ಲ. ಸೈಕಲ್ ಹತ್ತಿ ಹೋಗಿಬಿಟ್ಟರು. ಬಿಸಿಲಿಗೆ ತಲೆನೋವು ಬಂದಿರಬೇಕು ಎಂದುಕೊಂಡೆ.

ಸಂಜೆ ಎಣಿಕೆ. ಚುನಾವಣಾಧಿಕಾರಿಯಾಗಿ ಪಕ್ಕದ ಬೀದಿಯ ತೆಲುಗು ಹೆಡ್‌ಮಾಸ್ತರರನ್ನು ಕೂರಿಸಿದ್ದೆವು. ಅವರಿಗೆ ಕನ್ನಡ ಓದಲು ಬಾರದು, ಆದ್ದರಿಂದ ಪಕ್ಷಪಾತವೂ ಬಾರದು. ಎರಡೂ ಗುಂಪಿನವರು ಒಪ್ಪಿದ್ದ ಒಂದೇ ವಿಷಯ ಅದು. ಒಂದು ಕಡೆ ಹಳದಿ ಕಟ್ಟು, ಒಂದು ಕಡೆ ಕೆಂಪು ಕಟ್ಟು, ನಡುವೆ ಅನುಮಾನದ ಕಾಗದಗಳು. ಅನುಮಾನದವು ನಾಲ್ಕೈದು ಇದ್ದವು. ಒಬ್ಬರು ಎರಡೂ ನೆತ್ತಿಯ ಮೇಲೆ ಗುರುತು ಹಾಕಿದ್ದರು, ಇನ್ನೊಬ್ಬರು ಗುರುತಿನ ಬದಲು ಸಹಿ ಮಾಡಿದ್ದರು. ಎಂಜಿನಿಯರುಗಳು ಸ್ವಾಮಿ, ಎಂಜಿನಿಯರುಗಳು!

ಹೆಡ್‌ಮಾಸ್ತರರು ಇನ್ನೊಂದು ಕಾಗದ ಎತ್ತಿ ನನ್ನ ಮುಂದೆ ಹಿಡಿದರು. ಹಳದಿಯ ನೆತ್ತಿಯ ಚೌಕದಲ್ಲಿ ಒಂದು ಕತ್ತರಿ ಗುರುತು. ಕೆಂಪು ಸಾಲಿನಲ್ಲಿ ಎಂಟು ಹೆಸರಿನ ಮುಂದೆ ಏನೂ ಇಲ್ಲ. ನನ್ನ ಹೆಸರಿನ ಮುಂದೆ ಒಂದು ಕತ್ತರಿ ಗುರುತು.

ಎರಡು ಗುರುತಿಗೂ ನಡುವೆ ಚುಕ್ಕಿ.

ಹಳದಿಯ ಮೇಲಿನ ಚುಕ್ಕಿ ಸಾಧಾರಣದ್ದು. ನನ್ನ ಹೆಸರಿನ ಮುಂದಿನದು ಕಾಗದವನ್ನೇ ತೂತು ಮಾಡಿತ್ತು. ಹಿಂದಿದ್ದ ಟ್ಯೂಬ್‌ಲೈಟಿನ ಬೆಳಕು ಆ ತೂತಿನಿಂದ ಸೂಜಿಮೊನೆಯಷ್ಟು ಈಚೆಗೆ ಬರುತ್ತಿತ್ತು.

ವಿಜಯವಾಡದ ನಿಯಮ! ಹದಿನೈದು ವರ್ಷ ಮೂಗು ಮುರಿಯುತ್ತ ಕೇಳಿದ್ದ ನಿಯಮ. ಇಲ್ಲಿ ಬೇರೆ ಇರಬಹುದೇ ಎಂದು ಅವರು ಯಾರನ್ನು ಕೇಳಬೇಕಿತ್ತು? ಅಡ್ಡ ವೋಟು ಹಾಕುವುದು ಹೇಗಪ್ಪ ಎಂದು ಮಾವ ಯಾವ ಬಾಯಲ್ಲಿ ಕೇಳಿಯಾರು? ಉಪ್ಪಿನಕಾಯಿ ಜಾಡಿಯನ್ನು ಎತ್ತಿದ್ದರೆ ಸಾಕಿತ್ತು.

"ಇದೇನು ಮಾಡೋಣ?" ಎಂದು ಹೆಡ್‌ಮಾಸ್ತರರು ತೆಲುಗಿನಲ್ಲಿ ಕೇಳಿದರು.

ಹಳದಿಯ ಅಧ್ಯಕ್ಷರು ಮೇಜಿನ ಆಚೆಯಿಂದ, "ನನ್ನ ಯಾಕೆ ಕೇಳ್ತೀರಿ? ರೂಲು ಬರೆದವರು ಅಲ್ಲೇ ಇದಾರಲ್ಲ" ಎಂದರು. ಗೇಲಿ ಮಾಡಿದ್ದೇನಲ್ಲ, ಇದ್ದದ್ದನ್ನೇ ಹೇಳಿದರು.

ಎಲ್ಲರೂ ನನ್ನ ಮುಖ ನೋಡಿದರು. ಮೂರು ಭಾನುವಾರ ಕೂತು ಬರೆದ ಬಿ.ಕಾಂ. ಪದವೀಧರ ಬಾಯಿ ತೆರೆದು, "ಅಸಿಂಧು" ಎಂದ. ಪೂರ್ತಿಯಾಗಿ. ಹಳದಿಗೂ ಇಲ್ಲ, ನನಗೂ ಇಲ್ಲ. ಜನ್ಮದಲ್ಲಿ ಒಮ್ಮೆ ಮಾವ ವೋಟನ್ನು ಒಡೆದರು. ಅದನ್ನು ನಾನೇ ಕಸದ ಕಟ್ಟಿಗೆ ಸೇರಿಸಿದೆ.

ನಾಲ್ಕು ವೋಟಿನಿಂದ ಸೋತೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಸೋಲುತ್ತಿದ್ದೆ. ಇಷ್ಟು ಸಮಾಧಾನ.

ಅಲ್ಲಿಂದ ಸೀದಾ ಮಾವನ ಮನೆಗೆ ಹೋದೆ. ಅತ್ತೆ ಬಾಗಿಲು ತೆಗೆದು, ಮುಖ ನೋಡಿ, ಏನೂ ಕೇಳದೆ ಕಾಫಿ ಇಡಲು ಹೋದರು. ಮಾವ ಕುರ್ಚಿಯ ಮೇಲೆ ಕೂತು ಟ್ರಾನ್ಸಿಸ್ಟರಿನ ಕಿವಿ ತಿರುವುತ್ತಿದ್ದರು. ನಾನು ಚಾಪೆಯ ಮೇಲೆ ಕೂತೆ. ಸ್ವಲ್ಪ ಹೊತ್ತು ಗೊರಗೊರ ಸದ್ದು. ಆಮೇಲೆ ಅದನ್ನು ಆರಿಸಿದರು.

"ಎಷ್ಟರಾಗ ಸೋತೆ?"

ಅತ್ತೆಯನ್ನು ಕೇಳಿದ್ದಲ್ಲ. ನನ್ನನ್ನೇ ಕೇಳಿದ್ದು.

"ನಾಕು, ಮಾವ."

"ನಾಕು..." ಎಂದು ಮಾವ ಬೆರಳು ಮಡಚಿದರು. "ಹಂಗಾರ ಐದಾಗಬೇಕಾಗಿತ್ತು. ಒಂದು ಕಮ್ಮಿ ಆತು ಬಿಡು."

ಒಳಗಿನಿಂದ ಅತ್ತೆ, "ಹೇಗಂಡೀ ಕಮ್ಮಿ ಆಯ್ತು?" ಎಂದರು.

"ನಿನಗ್ಯಾಕ ಅದು? ಮತದಾನ ಗುಪ್ತ ಇರ್ತೈತಿ!" ಎಂದು ಮಾವ ಗದರಿದರು. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ನೋಡದೆ, ದನಿ ತಗ್ಗಿಸಿ ಕೇಳಿದರು: "ಕಾಗದ ಎಲ್ಲಾ ಬರೋಬ್ಬರಿ ಎಣಿಸಿದ್ರಾ?"

"ಎಣಿಸಿದ್ವಿ ಮಾವ. ಒಂದನ್ನೂ ಬಿಡಲಿಲ್ಲ."

ಮಾವ ತಲೆಯಾಡಿಸಿದರು. ಅತ್ತೆ ಕಾಫಿ ತಂದು ನನ್ನ ಮುಂದೆ ಹಿಡಿದವರು ಹಾಗೆಯೇ ನಿಂತು, "ಏನಾಯ್ತು ನಾನ್ನಾ, ಕಣ್ಣಲ್ಲಿ ನೀರು?" ಎಂದರು.

ಆಕಳಿಕೆ ಬಂತು ಅತ್ತೆ, ಎಂದೆ.